ಮಾಡ್ ಆರ್ಗನೈಸರ್ 2: ಆಟದ ಫೋಲ್ಡರ್ ಕಾಯುತ್ತದೆ, ಸೇವ್ ಫೈಲ್ ಕಾಯುವುದಿಲ್ಲ

ಸ್ಕೈರಿಮ್ ಬಂದದ್ದು 2011ರಲ್ಲಿ, ಸ್ಪೆಷಲ್ ಎಡಿಷನ್ 2016ರಲ್ಲಿ. ಇಷ್ಟು ಹಳೆಯ ಆಟ ಇನ್ನೂ ನನ್ನ ಡಿಸ್ಕಿನಲ್ಲಿ ಜಾಗ ಹಿಡಿದು ಕೂತಿರುವುದು ಮಾಡ್‌ಗಳಿಂದ, ಅಂದರೆ ಆಟವನ್ನು ಬದಲಿಸಲು ಅಭಿಮಾನಿಗಳು ಮಾಡಿದ ಫೈಲುಗಳಿಂದ. ಅವನ್ನು ಸಂಭಾಳಿಸಲು ವರ್ಷಗಳಿಂದ ಬಳಸುತ್ತಿರುವುದು ಮಾಡ್ ಆರ್ಗನೈಸರ್ 2. ಉಚಿತ, ಓಪನ್ ಸೋರ್ಸ್.

ಇದು ಆಟದ ಡೇಟಾ ಫೋಲ್ಡರಿಗೆ ಕೈ ಹಾಕುವುದಿಲ್ಲ. ಒಂದೊಂದು ಮಾಡ್‌ಗೂ ಬೇರೆ ಫೋಲ್ಡರ್. ಆಟ ಶುರುವಾದಾಗ ಮಾತ್ರ ಎಲ್ಲವೂ ಡೇಟಾ ಒಳಗೇ ಇರುವಂತೆ ಆಟವನ್ನು ನಂಬಿಸುತ್ತದೆ. ಹಾಗಾಗಿ ಆಟವನ್ನೂ ಎಸ್‌ಎಸ್‌ಇಎಡಿಟ್‌ನಂಥ ಮಾಡ್ ತಿದ್ದುವ ಟೂಲ್‌ಗಳನ್ನೂ ಇದರ ಒಳಗಿಂದಲೇ ಓಡಿಸಬೇಕು. ಸ್ಟೀಮ್‌ನಲ್ಲಿ ನೇರವಾಗಿ ಪ್ಲೇ ಒತ್ತಿ, ಹಾಕಿದ ಮಾಡ್ ಒಂದೂ ಕಾಣುತ್ತಿಲ್ಲವೆಂದು ಹೊಸಬರು ಗಾಬರಿಯಾಗುವುದು ಇಲ್ಲೇ.

ನನಗೆ ತುಂಬಾ ಇಷ್ಟವಾದದ್ದು ಎಡಗಡೆಯ ಪಟ್ಟಿಯಲ್ಲಿನ ಪುಟ್ಟ ಮಿಂಚಿನ ಗುರುತು. ವೈಟ್‌ರನ್ ಊರಿನ ಗೋಡೆಗಳ ಟೆಕ್ಸ್ಚರನ್ನು (ಮೇಲ್ಮೈ ಚಿತ್ರವನ್ನು) ಎರಡು ಮಾಡ್‌ಗಳು ಬದಲಿಸುತ್ತಿವೆ ಅನ್ನಿ. ಗೆದ್ದದ್ದಕ್ಕೆ ಹಸಿರು ಪ್ಲಸ್, ಸೋತದ್ದಕ್ಕೆ ಕೆಂಪು ಮೈನಸ್. ಸೋತದ್ದೇ ಬೇಕಿದ್ದರೆ ಎಳೆದು ಇನ್ನೊಂದರ ಕೆಳಗೆ ಬಿಟ್ಟರಾಯಿತು. ಬಲಗಡೆಯದು ಪ್ಲಗಿನ್‌ಗಳ, ಅಂದರೆ ಆಟದ ದಾಖಲೆಗಳನ್ನು ಬದಲಿಸುವ ಮಾಡ್ ಫೈಲುಗಳ, ಲೋಡ್ ಆರ್ಡರ್ (ಆಟ ಅವನ್ನು ಓದುವ ಕ್ರಮ), ಅದರ ಲೆಕ್ಕವೇ ಬೇರೆ. ಪೂರ್ಣ ಪ್ಲಗಿನ್‌ಗಳಿಗೆ 254ರ ಮಿತಿ. ಇಎಸ್‌ಎಲ್ ಗುರುತಿನ ಹಗುರ ಪ್ಲಗಿನ್‌ಗಳು ಅದರಲ್ಲಿ ಸೇರುವುದಿಲ್ಲ.

ಈಗ ಸೇವ್ ಫೈಲ್ ವಿಷಯ. ಮಾಡ್ ಮುಂದಿನ ಟಿಕ್ ತೆಗೆದರೆ ಫೋಲ್ಡರ್ ಮಟ್ಟಿಗೆ ಅದು ಹೋಯಿತು. ಆದರೆ ಅದರ ಸ್ಕ್ರಿಪ್ಟ್‌ಗಳು (ಆಟದಲ್ಲಿ ಓಡುವ ಪುಟ್ಟ ಪ್ರೋಗ್ರಾಂಗಳು) ಆಗಲೇ ಇಎಸ್‌ಎಸ್ ಎಂಬ ಸೇವ್ ಫೈಲಿನೊಳಗೆ ಬೇರೂರಿರುತ್ತವೆ. ರೀಸೇವರ್ ಎಂಬ, ಸೇವ್ ಪರಿಶೀಲಿಸುವ ಟೂಲ್‌ನಲ್ಲಿ ಆ ಸೇವ್ ತೆರೆದು ನೋಡಿ: ತೆಗೆದುಹಾಕಿದ ಮಾಡ್‌ನ ಸ್ಕ್ರಿಪ್ಟ್ ಇನ್‌ಸ್ಟೆನ್ಸ್‌ಗಳು (ಓಡುತ್ತಿದ್ದ ಪ್ರತಿಗಳು) ಯಾವುದಕ್ಕೂ ಅಂಟಿಕೊಳ್ಳದೆ ಹಾಗೇ ಬಿದ್ದಿರುತ್ತವೆ. ರೀಸೇವರ್ ಅವನ್ನು ಅಳಿಸಬಲ್ಲದು. ಆದರೆ ಆ ಮಾಡ್ ಯಾವ ಕ್ವೆಸ್ಟನ್ನು ಎಲ್ಲಿಗೆ ತಂದು ನಿಲ್ಲಿಸಿತ್ತು, ಯಾವ ಪಾತ್ರದಲ್ಲಿ ಏನು ಬದಲಿಸಿತ್ತು ಎಂಬುದನ್ನೆಲ್ಲ ಹಿಂದಕ್ಕೆ ತರಲಾರದು. ಕೆಟ್ಟ ಸೇವ್ ಉಳಿಸಿಕೊಳ್ಳುವ ಕೊನೆಯ ಪ್ರಯತ್ನಕ್ಕೆ ಅದು ಸರಿ. ‘ಆಮೇಲೆ ಕ್ಲೀನ್ ಮಾಡಿಕೊಂಡರಾಯಿತು’ ಎಂದು ಆಟದ ನಡುವೆ ಮಾಡ್ ಕಿತ್ತುಹಾಕುವುದಕ್ಕಲ್ಲ. ಟೆಕ್ಸ್ಚರ್ ಮಾತ್ರ ಬದಲಿಸುವ ಮಾಡ್‌ಗಳಿಗೆ ಈ ಭಯವಿಲ್ಲ, ಯಾವಾಗ ಬೇಕಾದರೂ ತೆಗೆಯಿರಿ.

ಇದಕ್ಕೆ ಮಾಡ್ ಆರ್ಗನೈಸರ್‌ನಲ್ಲೇ ಇರುವ ಮದ್ದು ಪ್ರೊಫೈಲ್, ಅಂದರೆ ಪ್ರತ್ಯೇಕ ಮಾಡ್ ಪಟ್ಟಿ. ಹೊಸ ಪಾತ್ರಕ್ಕೆ ಹೊಸ ಪ್ರೊಫೈಲ್ ಮಾಡಿ, ಸೇವ್‌ಗಳನ್ನು ಪ್ರೊಫೈಲಿಗೆ ಪ್ರತ್ಯೇಕವಾಗಿಡುವ ಆಯ್ಕೆಗೆ ಟಿಕ್ ಹಾಕಿ. ಬಿಲ್ಲುಗಾರ್ತಿಯ ಸೇವ್ ಮಾಂತ್ರಿಕನ ಮಾಡ್ ಪಟ್ಟಿಯಲ್ಲಿ ತೆರೆದುಕೊಳ್ಳುವ ಅವಾಂತರ ತಪ್ಪುತ್ತದೆ. ಹೊಸಬರು ಬಳಸದೇ ಬಿಡುವುದೂ ಇದನ್ನೇ, ಯಾಕೋ.

ಕಿರಿಕಿರಿಗಳೂ ಇವೆ. ಟೂಲ್‌ಗಳು ಹೊರಹಾಕುವ ಫೈಲುಗಳೆಲ್ಲ ಓವರ್‌ರೈಟ್ ಫೋಲ್ಡರಿಗೆ ಬಂದು ಬೀಳುತ್ತವೆ. ಆಗಾಗ ಅವನ್ನು ಬೇರೆ ಮಾಡ್ ಆಗಿ ಎತ್ತಿಡದಿದ್ದರೆ ಯಾವುದು ಎಲ್ಲಿಂದ ಬಂತೆಂದೇ ತಿಳಿಯದು. ಆಟದ ಅಪ್‌ಡೇಟ್‌ನಿಂದಲೂ ಇದು ಕಾಪಾಡುವುದಿಲ್ಲ. 2021ರ ನವೆಂಬರಿನ ಆ್ಯನಿವರ್ಸರಿ ಅಪ್‌ಡೇಟ್‌ನಲ್ಲಿ ಆಟದ ಎಕ್ಸ್‌ಇ (ಆಟ ಓಡಿಸುವ ಮುಖ್ಯ ಫೈಲ್) ಬದಲಾಗಿ, ಆಟದ ಸ್ಕ್ರಿಪ್ಟ್ ಸಾಮರ್ಥ್ಯ ಹೆಚ್ಚಿಸುವ ಎಸ್‌ಕೆಎಸ್‌ಇ ನಂಬಿದ ಮಾಡ್‌ಗಳು ಸಾಲಾಗಿ ಮಲಗಿದ್ದವು. ಸ್ಟೀಮ್‌ನಲ್ಲಿ ‘ಆಟ ತೆರೆದಾಗ ಮಾತ್ರ ಅಪ್‌ಡೇಟ್’ ಎಂದಿಟ್ಟು, ಎಸ್‌ಕೆಎಸ್‌ಇ ಲೋಡರಿನಿಂದ ಆಟ ಶುರು ಮಾಡುವುದು ಕ್ಷೇಮ.

ನಾಲ್ಕೈದು ಮಾಡ್ ಸಾಕೆನ್ನುವವರಿಗೆ ವೋರ್ಟೆಕ್ಸ್ ಎಂಬ ಇನ್ನೊಂದು ಮಾಡ್ ಮ್ಯಾನೇಜರ್ ಸುಲಭ. ಪಟ್ಟಿ ನೂರು ದಾಟುವ ಲಕ್ಷಣ ಕಂಡರೆ ಮೊದಲಿಂದಲೇ ಇದಕ್ಕೆ ಬನ್ನಿ. ನಡುವೆ ಬದಲಿಸುವುದು ದೊಡ್ಡ ರಗಳೆ.