ಚಾರ್ಮಾಡಿ ಇಳಿಯುವ ಕಾರಿನ ಬ್ರೇಕ್: ಆರು ವರ್ಷಗಳ ಬಳಕೆಯ ನಂತರ

2019ರಲ್ಲಿ ಕೊಂಡ ನಮ್ಮ ಪೆಟ್ರೋಲ್ ಕಾರು ಈಗ 68,000 ಕಿಲೋಮೀಟರ್ ಓಡಿದೆ. ಚಿಕ್ಕಮಗಳೂರಿನಿಂದ ತಿಂಗಳಿಗೊಮ್ಮೆ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಘಾಟಿ ಇಳಿದು ಬೆಳ್ತಂಗಡಿಗೆ ಹೋಗಿಬರುವ ಕುಟುಂಬ ನಮ್ಮದಾದ್ದರಿಂದ, ಉಳಿದೆಲ್ಲ ಬಿಟ್ಟು ಬ್ರೇಕಿನ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ.

ಮೊದಲ ನಾಲ್ಕು ವರ್ಷ ದೂರುವಂಥದ್ದೇನೂ ಇರಲಿಲ್ಲ. ಐದು ಜನರನ್ನೂ ಡಿಕ್ಕಿ ತುಂಬ ಸಾಮಾನನ್ನೂ ಹೊತ್ತು ಇಳಿಯುವಾಗಲೂ, ಎರಡನೇ ಗೇರಿನಲ್ಲಿದ್ದರೆ, ಮುಂದಿನ ಗಾಲಿಗಳ ಡಿಸ್ಕ್ ಬ್ರೇಕ್ ಮತ್ತು ಹಿಂದಿನ ಗಾಲಿಗಳ ಡ್ರಮ್ ಬ್ರೇಕ್ ಧೈರ್ಯ ಕೊಡುತ್ತಿದ್ದವು. ಐದನೇ ಮಳೆಗಾಲದಲ್ಲಿ ಮುಂದಿನ ಎಡಗಾಲಿಯಿಂದ ಕೀರಲು ಸದ್ದು ಶುರುವಾಯಿತು. ಸರ್ವಿಸ್ ಸೆಂಟರಿನವರು ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್‌ಗಳನ್ನು ಎರಡೂ ಕಡೆ ಬದಲಿಸಿದರು. ಅದಾದ ಮೇಲೆ 11,000 ಕಿಲೋಮೀಟರ್ ಓಡುವಷ್ಟರಲ್ಲಿ ಮತ್ತದೇ ಸದ್ದು. ಜೊತೆಗೆ ಬ್ರೇಕ್ ಒತ್ತಿದಾಗ ಕಾರು ಬಲಕ್ಕೆ ಎಳೆಯತೊಡಗಿತು. "ಘಾಟಿಯಲ್ಲಿ ಓಡಿಸಿದರೆ ಪ್ಯಾಡ್ ಬೇಗ ಸವೆಯುತ್ತದೆ ಸಾರ್" ಎಂದು ಹೇಳಿ ಮತ್ತೆ ಹೊಸ ಪ್ಯಾಡ್ ಹಾಕಿದರು. ಘಾಟಿಯೇ ಕಾರಣವಾದರೆ ಎರಡೂ ಗಾಲಿಗಳಲ್ಲಿ ಒಂದೇ ಸಮ ಸವೆಯಬೇಕಲ್ಲವೇ ಎಂದು ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ತಿಂಗಳ ಸಂಬಳದಲ್ಲಿ ಮನೆ ನಡೆಸುವವನಿಗೆ ಎರಡು ಬಿಲ್ಲುಗಳಿಗಿಂತ ಹೆಚ್ಚು ನೋವು ಕೊಟ್ಟದ್ದು ಈ ಮೌನ.

ಮೂರನೇ ಸಲ ಕಡೂರು ರಸ್ತೆಯ ಸಣ್ಣ ಗ್ಯಾರೇಜಿಗೆ ಹೋದೆ. ಮುಂದಿನ ಎಡಗಾಲಿ ಬಿಚ್ಚಿದ ಮೆಕ್ಯಾನಿಕ್ ಅದರ ಎರಡು ಪ್ಯಾಡ್‌ಗಳನ್ನು ಅಂಗೈಯಲ್ಲಿ ಪಕ್ಕಪಕ್ಕ ಇಟ್ಟು ತೋರಿಸಿದರು. ಹೊರಗಿನದು ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಒಳಗಿನದು ಸವೆದು ಬೆನ್ನಿನ ತಗಡಿನ ಹತ್ತಿರಕ್ಕೆ ಬಂದಿತ್ತು. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎಂಬ ಭಾಗ ಜಾರಬೇಕಾದ ಎರಡು ಪಿನ್ನುಗಳಲ್ಲಿ ಕೆಳಗಿನದರ ರಬ್ಬರ್ ಹರಿದು, ನೀರು ಹೊಕ್ಕು, ತುಕ್ಕು ಕಚ್ಚಿಕೊಂಡಿತ್ತು. ಪಿನ್ ಜಾರದಿದ್ದರೆ ಹೊರಗಿನ ಪ್ಯಾಡ್ ಡಿಸ್ಕನ್ನು ಸರಿಯಾಗಿ ಒತ್ತುವುದಿಲ್ಲ, ಒಳಗಿನದು ಕಾಲು ತೆಗೆದ ಮೇಲೂ ಉಜ್ಜುತ್ತಲೇ ಇರುತ್ತದೆ. ಎಡಗಡೆಯ ಹಿಡಿತ ಕಡಿಮೆಯಾಗಿ ಕಾರು ಬಲಕ್ಕೆ ಹೋಗುತ್ತದೆ. ಅವರು ತುಕ್ಕು ಉಜ್ಜಿ, ಹೊಸ ರಬ್ಬರ್ ಹಾಕಿ, ಸಿಲಿಕಾನ್ ಗ್ರೀಸ್ ಸವರಿದರು. ಸಾಮಾನ್ಯ ಗ್ರೀಸಿಗೆ ರಬ್ಬರ್ ಊದಿಕೊಳ್ಳುತ್ತದಂತೆ. ಆಮೇಲೆ ಒಂದೇ ಬೆರಳಿನಿಂದ ತಳ್ಳಿದರೆ ಪಿನ್ ನಯವಾಗಿ ಒಳಗೆ ಸರಿಯಿತು. ಪ್ಯಾಡ್ ಬಿಟ್ಟು 650 ರೂಪಾಯಿ ಆಯಿತು.

ಕಾರಿನ ಮೇಲಿದ್ದ ಸಿಟ್ಟು ಅಲ್ಲಿಗೆ ಇಳಿಯಿತು, ಅದರ ತಪ್ಪೇನೂ ಇರಲಿಲ್ಲ. ಈಗ ಪ್ರತಿ ಮುಂಜಾನೆ ಇಂಜಿನ್ ಚಾಲೂ ಮಾಡುವ ಮೊದಲು ಪೆಡಲನ್ನು ನಾಲ್ಕೈದು ಸಲ ಒತ್ತಿ, ಅದು ಗಟ್ಟಿಯಾದ ಮೇಲೆ ಕಾಲನ್ನು ಹಾಗೆಯೇ ಇಟ್ಟು ಚಾಲೂ ಮಾಡುತ್ತೇನೆ. ಪೆಡಲ್ ಸ್ವಲ್ಪ ಕೆಳಗಿಳಿದರೆ, ಕಾಲಿನ ಒತ್ತಡವನ್ನು ಹೆಚ್ಚಿಸಿ ಕೊಡುವ ಬೂಸ್ಟರ್ ಕೆಲಸ ಮಾಡುತ್ತಿದೆ ಎಂದರ್ಥ. ಆಷಾಢದ ಜಡಿಮಳೆಯಲ್ಲಿ ರಾತ್ರಿ ಹೊರಗೆ ನಿಂತ ಕಾರಿನ ಡಿಸ್ಕಿಗೆ ತೆಳುವಾಗಿ ತುಕ್ಕು ಕಟ್ಟಿ, ಬೀದಿಯ ತಿರುವಿನಲ್ಲಿ ಮೊದಲ ಬ್ರೇಕಿಗೆ ಗರಗರ ಎನ್ನುತ್ತದೆ. ಮೂರನೆಯ ಬ್ರೇಕಿಗೆ ಆ ಸದ್ದು ಇರುವುದಿಲ್ಲ. ಅದಕ್ಕೆ ಹೆದರಬೇಕಾಗಿಲ್ಲ.

ಪೆಡಲಿನ ಒತ್ತಡವನ್ನು ಗಾಲಿಗಳಿಗೆ ಮುಟ್ಟಿಸುವ ಬ್ರೇಕ್ ಆಯಿಲನ್ನು ಮಾತ್ರ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸುತ್ತೇನೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದ್ದರೆ, ತೇವ ಹೀರಿದ ಆಯಿಲಿಗೆ ಆ ಮಿತಿ 155 ಡಿಗ್ರಿ. ಘಾಟಿಯ ನಡುವೆ ಅದು ಕುದಿದು ಆವಿಯಾದರೆ ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಗುತ್ತದೆ.

ಕುಟುಂಬಕ್ಕೆ ಈ ಕಾರನ್ನು ಕೊಳ್ಳಬಹುದೇ ಎಂದು ಕೇಳಿದರೆ ಹೌದೆನ್ನುತ್ತೇನೆ. ಆದರೆ ಮಳೆಗಾಲಕ್ಕೆ ಮುಂಚೆ ಪಿನ್ನುಗಳನ್ನು ಕಣ್ಣೆದುರಿಗೇ ಬಿಚ್ಚಿಸಿ ಗ್ರೀಸ್ ಹಾಕಿಸಿ. ಹಿಂದಿನ ಡ್ರಮ್‌ಗಳನ್ನು ಹಿಡಿಯುವ ನಮ್ಮ ಹ್ಯಾಂಡ್ ಬ್ರೇಕ್ ಎಳೆದಾಗ ಮೊದಲು ಐದು ಹಲ್ಲಿಗೆ (ಐದು ಟಿಕ್ ಸದ್ದಿಗೆ) ಹಿಡಿಯುತ್ತಿತ್ತು, ಈಗ ಎಂಟಕ್ಕೆ ಹೋಗಿದೆ. ಮುಂದಿನ ಭಾನುವಾರ ಹಿಂದಿನ ಡ್ರಮ್ ಬಿಚ್ಚಿಸಬೇಕು.