ಐದು ವರ್ಷದಿಂದ ಒಂದೇ ಏರ್‌ಬ್ರಷ್: ತೊಳೆಯುವುದು ಜಾಸ್ತಿ, ಬಿಚ್ಚುವುದು ಕಡಿಮೆ

ಇವಾಟಾ ಎಕ್ಲಿಪ್ಸ್ ಎಚ್‌ಪಿ-ಸಿಎಸ್ ಅನ್ನುವ ಏರ್‌ಬ್ರಷ್, ಅಂದರೆ ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ, ನನ್ನ ಕೈಗೆ ಬಂದು ಐದು ವರ್ಷ ಆಯಿತು. ವಾರಕ್ಕೆ ಎರಡು ಮೂರು ಸಲ ಬಳಸುತ್ತೇನೆ. ಹೆಚ್ಚಾಗಿ ಸ್ಕೇಲ್ ಮಾಡೆಲ್‌ಗಳಿಗೆ ಅಕ್ರಿಲಿಕ್ ಬಣ್ಣ, ಆಗಾಗ ಬಣ್ಣಕ್ಕೂ ಮುಂಚೆ ಹೊಡೆಯುವ ಲ್ಯಾಕರ್ ಪ್ರೈಮರ್. ಬಣ್ಣ ಹೊರಬರುವ 0.35 ಮಿ.ಮೀ. ನಾಜಲ್, ಮೇಲ್ಗಡೆ ಬಣ್ಣ ಹಾಕುವ ಕಪ್, ಡಬಲ್ ಆ್ಯಕ್ಷನ್ ಟ್ರಿಗರ್. ಒತ್ತಿದರೆ ಗಾಳಿ ಬರುತ್ತದೆ, ಹಿಂದಕ್ಕೆ ಎಳೆದರೆ ಬಣ್ಣ ಬರುತ್ತದೆ. ಸ್ಪ್ರೇ ಹೇಗಿದೆ ಅನ್ನುವ ಬಗ್ಗೆ ನನಗೆ ಒಂದು ದೂರೂ ಇಲ್ಲ, ಅದನ್ನು ಇಲ್ಲಿಗೇ ಬಿಡುತ್ತೇನೆ. ಹೇಳಬೇಕಾಗಿರುವುದು ಇದನ್ನು ತೊಳೆದು, ನೋಡಿಕೊಂಡು ಬಂದ ಬಗ್ಗೆ. ಏರ್‌ಬ್ರಷ್ ಕೊಂಡು ಆಮೇಲೆ ಮೂಲೆಗೆ ಹಾಕಿದವರನ್ನು ಕೇಳಿ ನೋಡಿ, ಮೊದಲು ಬರುವ ಮಾತು ತೊಳೆಯುವ ತಲೆನೋವೇ.

ಇದಕ್ಕೂ ಮುಂಚೆ ನನ್ನ ಹತ್ತಿರ ಬೇರೊಂದು ಏರ್‌ಬ್ರಷ್ ಇತ್ತು. ಅದರ ನಾಜಲ್ ಅಕ್ಕಿಕಾಳಿನಷ್ಟು ಸಣ್ಣದು, ಪುಟ್ಟ ಸ್ಪ್ಯಾನರ್‌ನಿಂದ ತಿರುಗಿಸಿ ಕೂರಿಸಬೇಕಿತ್ತು. ಬಳಸಿದಾಗಲೆಲ್ಲ ಪೂರ್ತಿ ಬಿಚ್ಚಿ ತೊಳೆಯಬೇಕು ಅಂತ ನಂಬಿದ್ದೆ, ತಪ್ಪದೆ ಹಾಗೇ ಮಾಡುತ್ತಿದ್ದೆ. ಆರನೇ ತಿಂಗಳಲ್ಲಿ ಥ್ರೆಡ್ ಹತ್ತಿರ ಮುರಿದು ಅರ್ಧ ನಾಜಲ್ ಒಳಗೇ ಉಳಿಯಿತು. ಬಣ್ಣದಿಂದ ಅದಕ್ಕೇನೂ ಆಗಿರಲಿಲ್ಲ. ಹಾಳಾಗಿದ್ದು ನನ್ನ ಸ್ಪ್ಯಾನರ್‌ನಿಂದ.

ಎಕ್ಲಿಪ್ಸ್ ಆರಿಸಿಕೊಂಡಿದ್ದು ಇದೇ ಕಾರಣಕ್ಕೆ. ಇದರ ನಾಜಲ್‌ಗೆ ಥ್ರೆಡ್ಡೇ ಇಲ್ಲ. ಮೂತಿಯಲ್ಲಿ ಸುಮ್ನೆ ಇಟ್ಟು, ಮೇಲಿನ ಕ್ಯಾಪ್ ಬೆರಳಲ್ಲಿ ಬಿಗಿ ಮಾಡಿದರೆ ತಾನಾಗೇ ನಡುವಿಗೆ ಬಂದು ಕೂರುತ್ತದೆ. ಗಾತ್ರವೂ ದೊಡ್ಡದು, ಬೆರಳಿಗೆ ಸಿಗುತ್ತದೆ. ಹಾಗೆ ಸಡಿಲವಾಗಿ ಕೂತಿರುವುದರಿಂದ ಕ್ಯಾಪ್ ತೆಗೆದ ಕೂಡಲೇ ಜಾರಿ ಬೀಳಬಹುದು ಅನ್ನುವುದು ನೆನಪಿರಲಿ. ಸಿಂಕ್ ಮೇಲೆ ಯಾವತ್ತೂ ಬಿಚ್ಚಬೇಡಿ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಬಿಚ್ಚಿ, ಬಿದ್ದರೂ ಉರುಳುವುದಿಲ್ಲ, ಕಣ್ಣಿಗೂ ಬೀಳುತ್ತದೆ.

ಬಿಚ್ಚುವುದು ಸುಲಭ ಆಯಿತಲ್ಲ, ಮೊದಲ ವರ್ಷ ಇದನ್ನೂ ಬಳಸಿದಾಗಲೆಲ್ಲ ಬಿಚ್ಚಿದೆ. ಆಗ ಕಲಿತ ವಿಷಯ ಒಂದೇ. ತೊಳೆಯುವುದು ಬೇರೆ, ಬಿಚ್ಚುವುದು ಬೇರೆ. ಈಗ ಪ್ರತಿ ಬಣ್ಣಕ್ಕೂ ತೊಳೆಯುತ್ತೇನೆ, ತಿಂಗಳಿಗೊಮ್ಮೆ ಮಾತ್ರ ಬಿಚ್ಚುತ್ತೇನೆ.

ಬಣ್ಣ ಬದಲಾಯಿಸುವಾಗ ಎರಡು ನಿಮಿಷ ಸಾಕು. ಉಳಿದ ಬಣ್ಣ ಚೆಲ್ಲಿ, ಕಪ್ ಒರೆಸಿ, ಕಾಲು ಕಪ್ ನೀರು ಹಾಕಿ, ಮೆತ್ತನೆಯ ಬ್ರಷ್‌ನಿಂದ ತಳ ತಿರುವುತ್ತೇನೆ. ಕಪ್‌ನ ಗೋಡೆ ಹೇಗಿದ್ದರೂ ಪರವಾಗಿಲ್ಲ. ಕಪ್‌ನ ತಳದಲ್ಲಿ ನೀಡಲ್ (ನಾಜಲ್‌ನ ತೂತು ಮುಚ್ಚಿ ತೆರೆಯುವ ಉದ್ದನೆಯ ಸೂಜಿ) ಹಾದುಹೋಗುವ ಜಾಗ ಇದೆ ನೋಡಿ, ಅದರ ಹಿಂಬದಿಯ ಮೂಲೆಯಲ್ಲೇ ಬಣ್ಣ ಅಡಗಿ ಕೂರುವುದು. ಬಿಳಿ ಹೊಡೆಯುವಾಗ ಇದ್ದಕ್ಕಿದ್ದಂತೆ ನಿನ್ನೆಯ ಕೆಂಪು ಬಂದರೆ ಅದು ಅಲ್ಲಿಂದಲೇ ಬಂದಿರುತ್ತದೆ.

ಆಮೇಲೆ ಬ್ಯಾಕ್‌ಫ್ಲಶ್, ಅಂದರೆ ಗಾಳಿಯನ್ನು ಹಿಮ್ಮುಖವಾಗಿ ಹಾಯಿಸುವುದು. ಮೂತಿಯನ್ನು ಮಡಚಿದ ಬಟ್ಟೆಯಿಂದ ಮುಚ್ಚಿ, ಟ್ರಿಗರ್ ಒತ್ತಿ ನಿಧಾನಕ್ಕೆ ಹಿಂದಕ್ಕೆ ಎಳೆಯಬೇಕು. ಹೊರಗೆ ಹೋಗಲಾಗದ ಗಾಳಿ ನಾಜಲ್ ಮೂಲಕ ಕಪ್ ಕಡೆಗೆ ತಿರುಗುತ್ತದೆ. ಒಳಗೆ ಅಂಟಿಕೊಂಡಿದ್ದ ಬಣ್ಣ ಗುಳ್ಳೆಗಳ ಜೊತೆ ಮೇಲೆ ಬರುತ್ತದೆ. ಕಪ್ ತುಂಬಿದ್ದರೆ ಮುಖಕ್ಕೇ ಸಿಡಿಯುತ್ತದೆ, ಅದಕ್ಕೇ ಕಾಲು ಕಪ್ ಸಾಕು ಅಂದಿದ್ದು. ಮೂರು ಸಲ ಹೀಗೆ ಮಾಡಿ, ಬಿಳಿ ಕಾಗದದ ಮೇಲೆ ಹೊಡೆದು ನೋಡಿ. ಬಣ್ಣವಿಲ್ಲದ ನೀರು ಬಂದರೆ ಮುಗಿಯಿತು.

ದಿನದ ಕೊನೆಗೆ ಇದೇ ಕೆಲಸವನ್ನು ಒಂದು ಸಲ ಕ್ಲೀನರ್ ಹಾಕಿ ಮಾಡುತ್ತೇನೆ. ತೊಳೆದಾದ ಮೇಲೆ ಮಾತ್ರ ನೀಡಲ್ ಹೊರಗೆಳೆಯುತ್ತೇನೆ. ಈ ಕ್ರಮ ಮುಖ್ಯ. ತೊಳೆಯದೆ ಎಳೆದರೆ ನೀಡಲ್ ಮೇಲಿನ ಹಸಿ ಬಣ್ಣ ಬಣ್ಣ ಹಿಂದಕ್ಕೆ ಸೋರದಂತೆ ತಡೆಯುವ ಪ್ಯಾಕಿಂಗ್ ಒಳಗೆ ಸೇರಿ ಒಣಗುತ್ತದೆ. ಆಮೇಲೆ ಟ್ರಿಗರ್ ಅಂಟಿಕೊಳ್ಳುತ್ತದೆ. ನೀಡಲ್ ಒರೆಸುವಾಗ ದಪ್ಪ ಕಡೆಯಿಂದ ಚೂಪು ಕಡೆಗೆ, ತಿರುಗಿಸುತ್ತಾ ಒರೆಸಿ. ಏರ್‌ಬ್ರಷ್‌ಗೆಂದೇ ಸಿಗುವ ಲ್ಯೂಬ್ ಅನ್ನು ಹಿಂದಿನ ಅರ್ಧಕ್ಕೆ ತೆಳ್ಳಗೆ ಸವರಿ. ತುದಿಗೆ ಎಣ್ಣೆ ತಾಗಿದರೆ ಮುಂದಿನ ಸಲ ಬಣ್ಣದ ಜೊತೆ ಅದೂ ಬಂದು ಮಾಡೆಲ್ ಮೇಲೆ ಕಲೆ ಮಾಡುತ್ತದೆ.

ಕ್ಲೀನರ್ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಕಿಟಕಿ ಗಾಜು ಒರೆಸುವ ದ್ರಾವಣ ಅಗ್ಗ ಅಂತ ಹಲವರು ಅದನ್ನೇ ಹಾಕುತ್ತಾರೆ. ಅದರಲ್ಲಿ ಅಮೋನಿಯಾ ಇದ್ದರೆ ಏರ್‌ಬ್ರಷ್‌ನ ಹೊಳಪಿನ ಲೇಪನದ ಒಳಗಿನ ಹಿತ್ತಾಳೆಯನ್ನು ನಿಧಾನಕ್ಕೆ ತಿನ್ನುತ್ತದೆ. ಒಣಗಿದ ಅಕ್ರಿಲಿಕ್ ಬಿಡಿಸಲು ಲ್ಯಾಕರ್ ತಿನ್ನರ್ ನಿಜಕ್ಕೂ ಒಳ್ಳೆಯದು. ಆದರೆ ಹಸಿ ಬಣ್ಣದ ಮೇಲೆ ನೇರವಾಗಿ ಸುರಿಯಬೇಡಿ. ಕೆಲವು ನೀರಿನ ಅಕ್ರಿಲಿಕ್‌ಗಳು ಆಲ್ಕೊಹಾಲ್ ಅಥವಾ ತಿನ್ನರ್ ಸೇರಿದ ಕೂಡಲೇ ರಬ್ಬರ್ ಥರ ಮುದ್ದೆ ಕಟ್ಟುತ್ತವೆ. ಮೊದಲು ನೀರು, ಆಮೇಲೆ ತಿನ್ನರ್. ಇಡೀ ಏರ್‌ಬ್ರಷ್ಷನ್ನು ತಿನ್ನರ್‌ನಲ್ಲಿ ರಾತ್ರಿಯೆಲ್ಲ ಮುಳುಗಿಸಿಡುವುದು ಬೇಡವೇ ಬೇಡ. ಟ್ರಿಗರ್ ಕೆಳಗಿನ ಗಾಳಿ ವಾಲ್ವ್‌ನಲ್ಲಿ ಪುಟ್ಟ ರಬ್ಬರ್ ಒ-ರಿಂಗ್ ಇರುತ್ತದೆ, ಅದು ಉಬ್ಬಿ ಹಾಳಾಗುತ್ತದೆ. ತೊಳೆಯುವಾಗಲೂ ಮಾಸ್ಕ್ ಹಾಕಿಕೊಳ್ಳಿ ಅಂತ ಕೈ ಮುಗಿದು ಕೇಳುತ್ತೇನೆ. ಬಣ್ಣ ಹೊಡೆಯುವಾಗ ಎಲ್ಲರೂ ಹಾಕುತ್ತಾರೆ, ತೊಳೆಯುವಾಗ ತೆಗೆದಿಡುತ್ತಾರೆ. ಗಾಳಿಗೆ ಹಾರುವ ತಿನ್ನರ್ ಬಣ್ಣಕ್ಕಿಂತ ಕೆಟ್ಟದ್ದು. ನಾನು ಫಿಲ್ಟರ್ ಇರುವ ಕ್ಲೀನಿಂಗ್ ಪಾಟ್ ಒಳಗೆ ಹೊಡೆಯುತ್ತೇನೆ, ಕಿಟಕಿಯನ್ನೂ ತೆರೆದಿಡುತ್ತೇನೆ.

ಇನ್ನು ಕಟ್ಟಿಕೊಂಡಿದೆ ಅನ್ನುವ ದೂರು. ನಾನು ಮೊದಲ ವರ್ಷ ಬಿಚ್ಚಿದ್ದರಲ್ಲಿ ಅರ್ಧಕ್ಕರ್ಧ ಸಲ ಒಳಗೆ ಏನೂ ಕಟ್ಟಿರಲೇ ಇಲ್ಲ. ಅಕ್ರಿಲಿಕ್ ಬೇಗ ಒಣಗುತ್ತದೆ, ಅಲ್ವಾ? ಗಾಳಿ ಹರಿಯುವ ನೀಡಲ್ ತುದಿಯಲ್ಲಿ ಇನ್ನೂ ಬೇಗ ಒಣಗಿ ಸಣ್ಣ ಗಂಟಾಗುತ್ತದೆ. ಸ್ಪ್ರೇ ತಡವರಿಸುತ್ತದೆ, ಆಮೇಲೆ ಒಂದೇ ಸಲ ಉಗುಳುತ್ತದೆ. ಕ್ಲೀನರ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ತುದಿ ಮೆಲ್ಲಗೆ ಒರೆಸಿದರೆ ಸರಿಹೋಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಒರೆಸುವುದು ಈಗ ಕೈಗೆ ಅಭ್ಯಾಸ ಆಗಿದೆ. ಬಣ್ಣ ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ಒಂದೆರಡು ಹನಿ ಸೇರಿಸುತ್ತೇನೆ, ಗಾಳಿಯ ಒತ್ತಡ 15ರಿಂದ 20 ಪಿಎಸ್‌ಐ ಒಳಗೆ ಇಟ್ಟುಕೊಳ್ಳುತ್ತೇನೆ. ಬಿಚ್ಚುವ ಪ್ರಸಂಗವೇ ಕಡಿಮೆಯಾಯಿತು.

ನನ್ನನ್ನು ನಿಜವಾಗಿ ಕಾಡಿದ್ದು ಕಪ್‌ನಲ್ಲಿ ಗುಳ್ಳೆ. ಎರಡನೇ ವರ್ಷ ಒಂದು ಸಂಜೆ ಬರೀ ಗಾಳಿ ಬಿಟ್ಟರೂ ಬಣ್ಣ ಕುದಿಯುವಂತೆ ಗುಳ್ಳೆ ಏಳತೊಡಗಿತು. ಕೊಳೆ ಇರಬೇಕು ಅಂತ ಬಿಚ್ಚಿ ತೊಳೆದೆ. ಹೋಗಲಿಲ್ಲ. ಮಾರನೇ ದಿನ ಮತ್ತೆ ತೊಳೆದೆ. ಮೂರನೇ ದಿನ ಭೂತಗನ್ನಡಿ ಹಿಡಿದು ನೋಡಿದಾಗ ನಾಜಲ್ ಕೂರುವ ಜಾಗದಲ್ಲಿ ಒಣಗಿದ ಬಣ್ಣದ ಒಂದು ಚಕ್ಕೆ ಸಿಕ್ಕಿತು. ಅದರಿಂದ ನಾಜಲ್ ಸರಿಯಾಗಿ ಕೂರದೆ ಗಾಳಿ ಒಳಗೆ ನುಗ್ಗುತ್ತಿತ್ತು. ಚಕ್ಕೆ ತೆಗೆದೆ, ಗುಳ್ಳೆ ಮಾತ್ರ ನಿಲ್ಲಲಿಲ್ಲ. ಯಾಕೆಂದರೆ ಆ ಮೂರು ದಿನ ಜೋಡಿಸುವಾಗಲೆಲ್ಲ ನೀಡಲ್ಲನ್ನು ಜೋರಾಗಿ ತಳ್ಳಿದ್ದೆ, ನಾಜಲ್ ತುದಿ ಸೀಳಿತ್ತು. ಹೊಸ ನಾಜಲ್ ಹಾಕಬೇಕಾಯಿತು. ಈಗ ನೀಡಲ್ ತಾನಾಗಿ ನಿಲ್ಲುವ ತನಕ ಮೆಲ್ಲಗೆ ಬಿಟ್ಟು, ಅಲ್ಲೇ ನಟ್ ಬಿಗಿ ಮಾಡುತ್ತೇನೆ. ಗುಳ್ಳೆ ಕಂಡರೆ ಮೊದಲು ಕ್ಯಾಪ್ ಬಿಗಿ ಇದೆಯಾ ನೋಡಿ. ಆಮೇಲೆ ನಾಜಲ್ ಕೂತ ಜಾಗ, ಕೊನೆಗೆ ನಾಜಲ್‌ನ ತುದಿ.

ನೀಡಲ್ ಎರಡು ಸಲ ಬಾಗಿದೆ, ಎರಡು ಸಲವೂ ಹೊರಗೆ ತೆಗೆದಿಟ್ಟಾಗಲೇ. ಬಾಗಿದೆಯಾ ಅಂತ ತಿಳಿಯಲು ತುದಿಯನ್ನು ಹತ್ತಿ ಮೇಲೆ ಎಳೆಯಿರಿ. ಎಳೆ ಸಿಕ್ಕಿಕೊಂಡರೆ ಕೊಕ್ಕೆಯಾಗಿದೆ ಅಂತ ಅರ್ಥ. ಗಾಜಿನ ಮೇಲೆ ಮಲಗಿಸಿ, ಉಗುರಿನಿಂದ ಮೆಲ್ಲಗೆ ಒತ್ತಿ, ಉರುಳಿಸುತ್ತಾ ಹಿಂದಕ್ಕೆ ಎಳೆದರೆ ಸಣ್ಣ ಬಾಗು ನೇರವಾಗುತ್ತದೆ. ಕೊನೆಗೆ 2000 ನಂಬರಿನ ಸ್ಯಾಂಡ್ ಪೇಪರ್ ಒದ್ದೆ ಮಾಡಿ ಒಂದೆರಡು ಸಲ ಸವರಬೇಕು. ಮೊದಲನೆಯದು ಹೀಗೇ ಸರಿಹೋಯಿತು. ಎರಡನೆಯದು ತುಂಬಾ ಬಾಗಿತ್ತು, ಬದಲಾಯಿಸಿದೆ.

ಬಿಚ್ಚಿದ ಭಾಗಗಳ ಕೊಳೆಯನ್ನು ಶಬ್ದ ತರಂಗದಿಂದ ಬಿಡಿಸುವ ಅಲ್ಟ್ರಾಸಾನಿಕ್ ಕ್ಲೀನರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಗಾಳಿ ಒದಗಿಸುವ ಕಂಪ್ರೆಸರ್‌ನಲ್ಲಿ ತೇವ ಹಿಡಿದಿಡುವ ಮಾಯಿಶ್ಚರ್ ಟ್ರ್ಯಾಪ್‌ನಿಂದ ನೀರು ತೆಗೆಯುವುದನ್ನು ಮರೆಯಬೇಡಿ, ಅಷ್ಟೇ.

ಐದು ವರ್ಷದಲ್ಲಿ ಬದಲಾಯಿಸಿದ್ದು ಒಂದು ನಾಜಲ್, ಒಂದು ನೀಡಲ್, ವಾಲ್ವ್‌ನ ಒಂದು ಒ-ರಿಂಗ್. ಬೆರಳು ಹಿಡಿಯುವ ಕಡೆ ಹೊಳಪು ಸ್ವಲ್ಪ ಸವೆದಿದೆ. ಗುಳ್ಳೆ ಗಲಾಟೆ ಆದಾಗ ಇರಲಿ ಅಂತ ಎರಡು ನಾಜಲ್ ತರಿಸಿದ್ದೆ. ಎರಡನೆಯದು ಇವತ್ತಿಗೂ ಡಬ್ಬಿಯಲ್ಲಿ ಪ್ಯಾಕೆಟ್ ಒಡೆಯದೆ ಹಾಗೇ ಇದೆ.