ಉದ್ದದ ವಿಡಿಯೋ, 4 ಜಿಬಿ ಮಿತಿ: ಹಿಂಡುವುದೋ, ತುಂಡು ಮಾಡುವುದೋ?

ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆ ಪೂಜೆಯ ದಿನ ಮನೆಯಲ್ಲೇ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ಇಡಿಸುವುದು ಹೊಸತೇನಲ್ಲ. ಐದು ಗಂಟೆ ನಡೆದದ್ದರ ವಿಡಿಯೋವನ್ನು 8 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 8 ಮೆಗಾಬಿಟ್) ರೆಂಡರ್ ಮಾಡಿದರೆ, ಅಂದರೆ ನೋಡುವ ಫೈಲ್ ಆಗಿ ಹೊರತೆಗೆದರೆ, ಗಂಟೆಗೆ 3.6 ಜಿಬಿ, ಒಟ್ಟು 18 ಜಿಬಿ. ಖಾಲಿ 32 ಜಿಬಿ ಪೆನ್‌ಡ್ರೈವ್‌ಗೆ ಹಾಕಲು ಹೋದರೆ ಫೈಲ್ ತುಂಬಾ ದೊಡ್ಡದು ಅನ್ನುತ್ತದೆ. ಪೆನ್‌ಡ್ರೈವ್ ಹಾಳಾಗಿಲ್ಲ. ಅದರ ಫಾರ್ಮ್ಯಾಟ್ (ಫೈಲ್‌ಗಳನ್ನು ಜೋಡಿಸಿಡುವ ರೀತಿ) ಫ್ಯಾಟ್32, ಅಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ, ಅಷ್ಟೇ.

ಎಲ್ಲಕ್ಕಿಂತ ಸುಲಭದ ದಾರಿ ಈ ಮಿತಿಯಿಲ್ಲದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡುವುದು. ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಮೊದಲೇ ಬೇರೆ ಕಡೆ ತೆಗೆದಿಡಿ. ನಮ್ಮ ಮನೆಯ ಟಿವಿಯಲ್ಲಿ 18 ಜಿಬಿಯ ಫೈಲ್ ಸಲೀಸಾಗಿ ಓಡಿತು. ದೊಡ್ಡಮ್ಮನ ಮನೆಯ ಹಳೇ ಟಿವಿಗೆ ಮಾತ್ರ ಆ ಪೆನ್‌ಡ್ರೈವ್ ಕಾಣಿಸಲೇ ಇಲ್ಲ. ಎನ್‌ಟಿಎಫ್‌ಎಸ್ ಎಂಬ ಇನ್ನೊಂದು ಫಾರ್ಮ್ಯಾಟ್ ಮಾಡಿದರೂ ಅದೇ ಕಥೆ. ಹಾಗಾಗಿ ಫ್ಯಾಟ್32ರಲ್ಲೇ ಹೇಗಾದರೂ ಹಿಡಿಸಬೇಕಾಯಿತು.

ಮೊದಲು ಹಿಂಡಿ, ಅಂದರೆ ಕಂಪ್ರೆಸ್ ಮಾಡಿ ಗಾತ್ರ ಇಳಿಸಿ ನೋಡಿದೆ. ಐದು ಗಂಟೆ 4 ಜಿಬಿಯೊಳಗೆ ಕೂರಬೇಕಾದರೆ ವಿಡಿಯೋ, ಆಡಿಯೋ ಎಲ್ಲ ಸೇರಿ ಸಿಗುವುದು ಹೆಚ್ಚೆಂದರೆ 1.9 ಎಂಬಿಪಿಎಸ್. ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಚಿತ್ರದ ಅಳತೆಯನ್ನು 720ಪಿಗೆ ಇಳಿಸಿ, ವಿಡಿಯೋಗೆ 1.7 ಕೊಟ್ಟೆ. ತಾಳಮದ್ದಳೆ ಪರವಾಗಿಲ್ಲ, ಚೆನ್ನಾಗಿಯೇ ಬಂತು. ಅರ್ಥಧಾರಿಗಳು ಕೂತಲ್ಲೇ ಕೂತು ಮಾತಾಡುವಾಗ ಚಿತ್ರದಲ್ಲಿ ಬದಲಾಗುವುದೇ ಕಡಿಮೆ ಅಲ್ವಾ? ಅದೇ ಲೆಕ್ಕದಲ್ಲಿ ಅಂಗಳದಲ್ಲಿ ಆಡಿಸಿದ ಹರಕೆ ಆಟವನ್ನು (ವೇಷ ಕಟ್ಟಿ ಕುಣಿಯುವ ಯಕ್ಷಗಾನ) ಹಿಂಡಿದಾಗ ಮಹಿಷಾಸುರನ ಪ್ರವೇಶ ಕೆಟ್ಟುಹೋಯಿತು. ದೊಂದಿಗೆ ರಾಳ ಎರಚಿದ ಕೂಡಲೇ ಬೆಂಕಿ, ಹೊಗೆ, ಓಡುವ ಜನ ಎಲ್ಲ ಒಟ್ಟಿಗೆ ಬಂದು ಪರದೆ ಚೌಕ ಚೌಕವಾಗಿ ಒಡೆಯಿತು. ಮಹಿಷಾಸುರನ ಕೊಂಬು ಯಾವುದು, ಹೊಗೆ ಯಾವುದು ಅಂತ ಗೊತ್ತಾಗಲಿಲ್ಲ.

ಆಡಿಯೋವನ್ನು ಹಿಂಡಲೇಬೇಡಿ. 128 ಕೆಬಿಪಿಎಸ್‌ನಿಂದ 64ಕ್ಕೆ ಇಳಿಸಿದರೆ ಐದು ಗಂಟೆಗೆ ಉಳಿಯುವುದು ಬರೀ 144 ಎಂಬಿ. ಆ ಚಿಲ್ಲರೆಗೋಸ್ಕರ ಚಕ್ರತಾಳ ನೀರೊಳಗಿಂದ ಬಾರಿಸಿದ ಹಾಗೆ ಕೇಳುತ್ತದೆ.

ಎಚ್.265 ಎಂಬ ಹಿಂಡುವ ವಿಧಾನ ಬಳಸಿದರೆ ಹೆಚ್ಚುಕಡಿಮೆ ಅರ್ಧ ಗಾತ್ರದಲ್ಲಿ ಅದೇ ಗುಣಮಟ್ಟ ಸಿಗುತ್ತದೆ, ನಿಜ. ಆದರೆ ನನ್ನ ಲ್ಯಾಪ್‌ಟಾಪ್‌ನಲ್ಲಿ ರೆಂಡರ್ ಆಮೆ ನಡಿಗೆ, ದೊಡ್ಡಮ್ಮನ ಟಿವಿಗೆ ಅದು ಅರ್ಥವೇ ಆಗುವುದಿಲ್ಲ. ನಮ್ಮ ಮಳೆಗಾಲದ ಕರೆಂಟಿನ ಕಥೆ ನಿಮಗೇ ಗೊತ್ತು. ಎಂಪಿ4 ಫೈಲಿನ ಸೂಚಿ (ಯಾವ ಭಾಗ ಎಲ್ಲಿದೆ ಎಂಬ ಪಟ್ಟಿ) ಸಾಮಾನ್ಯವಾಗಿ ಕೊನೆಗೆ ಬರೆಯಲ್ಪಡುವುದರಿಂದ ರೆಂಡರ್ ನಡುವೆ ಕರೆಂಟು ಹೋದರೆ ಆ ಫೈಲ್ ಓಡುವುದೇ ಇಲ್ಲ. ಎಂಕೆವಿ ಎಂಬ ಬಗೆಯ ಫೈಲ್ ಆದರೆ ಅಲ್ಲಿಯವರೆಗೆ ಆದದ್ದಾದರೂ ನೋಡಲು ಸಿಗುತ್ತದೆ.

ಕೊನೆಗೆ ನನಗೆ ಹಿಡಿಸಿದ್ದು ತುಂಡು ಮಾಡುವುದು. ಲಾಸ್‌ಲೆಸ್‌ಕಟ್ ಎಂಬ ಸಾಫ್ಟ್‌ವೇರ್ ಉಚಿತ, ಮತ್ತೆ ರೆಂಡರ್ ಬೇಡ, ಇದ್ದದ್ದನ್ನೇ ನಕಲು ಮಾಡಿ ಬೇರ್ಪಡಿಸುತ್ತದೆ. ಚಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು, ಗುಣಮಟ್ಟ ಕೂದಲೆಳೆಯಷ್ಟೂ ಇಳಿಯಲಿಲ್ಲ. 8 ಎಂಬಿಪಿಎಸ್ ಆದರೆ ಒಂದೊಂದು ತುಂಡು 70 ನಿಮಿಷದೊಳಗಿರಲಿ. ಗಾತ್ರ ನೋಡಿ ತಾನಾಗಿ ಕತ್ತರಿಸುವ ಸಾಫ್ಟ್‌ವೇರ್‌ಗಳೂ ಇವೆ, ಅವು ಕರ್ಣನ ಅರ್ಥವನ್ನು ಅರ್ಧ ವಾಕ್ಯದಲ್ಲೇ ಕಡಿದುಬಿಡುತ್ತವೆ. ಭಾಗವತರು ಹೊಸ ಪದ (ಹಾಡು) ಎತ್ತುವ ಮುಂಚೆ, ಮದ್ದಳೆಗಾರರು ಶ್ರುತಿ ಸರಿಮಾಡುವ ಜಾಗದಲ್ಲಿ ನಾವೇ ಗುರುತು ಹಾಕುವುದು ಒಳ್ಳೆಯದು. ಸಾಫ್ಟ್‌ವೇರ್ ಹತ್ತಿರದ ಕೀಫ್ರೇಮ್‌ನಲ್ಲಿ (ಪೂರ್ತಿ ಚಿತ್ರ ಉಳಿಸಿಟ್ಟ ಜಾಗ) ಕತ್ತರಿಸುವುದರಿಂದ ಒಂದೆರಡು ಸೆಕೆಂಡ್ ಆಚೀಚೆ ಆಗಬಹುದು. ಹೆಸರು 01, 02 ಅಂತ ಕೊಟ್ಟರೆ ಟಿವಿಯಲ್ಲಿ ಸಾಲಾಗಿ ಬರುತ್ತದೆ.

ದೂರದ ನೆಂಟರಿಗೆ ಕಳಿಸುವುದು ಬೇರೆ ಲೆಕ್ಕ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೂ 2 ಜಿಬಿಗೇ ನಿಲ್ಲುತ್ತದೆ. ಗಲ್ಫಿನಲ್ಲಿರುವ ಭಾವನಿಗೆ ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ ಆಗಿ (ಹುಡುಕಿದರೆ ಸಿಗದ, ಲಿಂಕ್ ಇದ್ದವರು ನೋಡಬಹುದಾದ ಹಾಗೆ) ಹಾಕಿ ಲಿಂಕ್ ಕೊಟ್ಟೆ. ಖಾತೆಯನ್ನು ಫೋನ್ ನಂಬರ್ ಕೊಟ್ಟು ದೃಢೀಕರಿಸದಿದ್ದರೆ 15 ನಿಮಿಷಕ್ಕಿಂತ ಉದ್ದದ್ದು ಹಾಕಲಾಗುವುದಿಲ್ಲ, ದೃಢೀಕರಿಸಿದರೆ 12 ಗಂಟೆಯವರೆಗೂ ಆಗುತ್ತದೆ. ಅಲ್ಲಿಗೆ ಹಿಂಡಿದ್ದನ್ನು ಹಾಕಬೇಡಿ, ಯೂಟ್ಯೂಬ್ ತಾನೇ ಇನ್ನೊಮ್ಮೆ ಹಿಂಡುತ್ತದೆ. 18 ಜಿಬಿಯದ್ದನ್ನೇ ರಾತ್ರಿ ಅಪ್‌ಲೋಡ್‌ಗೆ ಬಿಟ್ಟು ಮಲಗಿ.